ಸೇನಾ ಖರೀದಿಯ ಅಂದಾಜೂ ಅಪಾಯದ ಲೆಕ್ಕವೂ

ಹತ್ತಿ, ಕಡಲೆಗಳ ದರವು ಒಂದು ಹಂಗಾಮಿನಲ್ಲಿ ಎಷ್ಟು ಏರಿಳಿಯಬಹುದೆಂಬುದನ್ನು ರೋಣ, ನರಗುಂದ, ಗಜೇಂದ್ರಗಡದ ವರ್ತಕರು ಚೆನ್ನಾಗಿ ಬಲ್ಲರು. ಸೇನಾ ಖರೀದಿಯ ಹಂಗಾಮಾದರೋ ದಶಕಗಳದು.

ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ ಯುದ್ಧವಿಮಾನ ಯೋಜನೆಗೆ 1983ರಲ್ಲಿ 560 ಕೋಟಿ ರೂಪಾಯಿ ಮಂಜೂರಾಯಿತು. 1993ರಲ್ಲಿ ಅದು 2,188 ಕೋಟಿಗೇರಿತು. ಮೊದಲ ಹಾರಾಟ ನಡೆದದ್ದು 2001ರಲ್ಲಿ. ಅದಕ್ಕೆಂದೇ ಕೈಗೊಂಡ ಕಾವೇರಿ ಎಂಜಿನ್ನಿನ ವೃತ್ತಾಂತ ಇನ್ನೂ ಬೋಧಪ್ರದ. 1989ರಲ್ಲಿ 382.81 ಕೋಟಿಗೆ ಒಪ್ಪಿಗೆ ಪಡೆದು 1996ಕ್ಕೆ ಮುಗಿಯಬೇಕಿದ್ದ ಕಾರ್ಯದ ಅಂದಾಜು ಕಾಲಕ್ರಮೇಣ 2,839 ಕೋಟಿ ತಲುಪಿತು. ವಿಮಾನ ಮಾತ್ರ ವಿದೇಶೀ ಎಂಜಿನ್ನಿನಿಂದಲೇ ಹಾರಿತು. ಬೆಲೆಯೇರಿಕೆಯೊಂದೇ ಇದಕ್ಕೆ ಕಾರಣವಲ್ಲ. ಹಿಂದೆಂದೂ ತಯಾರಿಸದ ವಸ್ತುವಿಗೆ ಒಂದೇ ಅಂಕಿಯ ಅಂದಾಜು ಸಾಲದು. ಕನಿಷ್ಠ, ಗರಿಷ್ಠ ವೆಚ್ಚಗಳೆರಡನ್ನೂ ಕಾಣಿಸಬೇಕು.

2021ರಲ್ಲಿ 83 ತೇಜಸ್ ಮಾರ್ಕ್-1ಎ ವಿಮಾನಗಳಿಗೆ ಒಪ್ಪಂದವಾದ ಮೇಲೂ ತೊಡಕು ಎಂಜಿನ್ನಿನದೇ. ಅಮೆರಿಕದಿಂದ ಮೊದಲನೆಯದು ಹಸ್ತಾಂತರವಾದುದು 2025ರ ಮಾರ್ಚ್‌ನಲ್ಲಿ.

ಇಂತಹ ವಿಳಂಬದ ಬಿಸಿ ಬಿಡಿಭಾಗ ಪೂರೈಸುವ ಸಣ್ಣ ಕಾರ್ಖಾನೆಗೂ ತಟ್ಟುತ್ತದೆ. ಸಣ್ಣ ಉದ್ದಿಮೆಗಳಿಗೆ 2006ರ ಕಾಯ್ದೆ ಕೊಟ್ಟ 45 ದಿನಗಳ ಪಾವತಿ ಗಡುವು ಸರಕು ಸ್ವೀಕೃತವಾದ ಬಳಿಕವೇ ಆರಂಭ. ಸರಕನ್ನೇ ತರಿಸಿಕೊಳ್ಳದಿದ್ದರೆ ಗಡುವೂ ಇಲ್ಲ, ಹಣವೂ ಇಲ್ಲ. ಆದ್ದರಿಂದ ದರಪಟ್ಟಿ ಸಲ್ಲಿಸುವ ಮುನ್ನ ದರ ಹೊಂದಾಣಿಕೆಯ ಷರತ್ತನ್ನೂ, ಗೋದಾಮಿನಲ್ಲಿ ಉಳಿದ ಸರಕಿನ ಬಡ್ಡಿ ಯಾರ ತಲೆಗೆಂಬುದನ್ನೂ ಬರಹದಲ್ಲಿ ಪಡೆಯುವುದು ಉಚಿತ.