ಸೊಂಟದ ಬಳೆ ಮುರಿದಾಗ

ಕೊಣನೂರಿನ ಬಳಿ, ಕಾವೇರಿಯ ದಂಡೆಯ ತೋಟವೊಂದರಲ್ಲಿ, ತೆಂಗಿನ ಮರದ ತುದಿಯಿಂದ ಒಬ್ಬನು ಜಾರಿ ಬಿದ್ದನೆಂದು ಭಾವಿಸೋಣ. ಮೈಮೇಲೆ ಗಾಯವಿಲ್ಲ, ಒಂದು ತೊಟ್ಟು ನೆತ್ತರೂ ಹೊರಗೆ ಸುರಿದಿಲ್ಲ. ಆದರೂ ಸ್ವಲ್ಪ ಹೊತ್ತಿನಲ್ಲಿಯೇ ಮುಖ ಬಿಳಿಚಿ, ಕೈಕಾಲು ತಣ್ಣಗಾಗಿ, ನಾಡಿ ವೇಗವಾಗಿ ಓಡತೊಡಗುತ್ತದೆ. ನೆತ್ತರು ಎಲ್ಲಿ ಹೋಯಿತು?

ಎಡಬಲದ ಎರಡು ಸೊಂಟದೆಲುಬುಗಳೂ ಹಿಂಬದಿಯ ತ್ರಿಕಾಸ್ಥಿಯೂ ಬಲವಾದ ಅಸ್ಥಿಬಂಧಗಳಿಂದ ಬಿಗಿದುಕೊಂಡು ಒಂದು ಬಳೆಯಂತಾಗಿವೆ. ಇದೇ ಶ್ರೋಣಿ. ಗಾಜಿನ ಬಳೆ ಒಡೆದಾಗ ನೀವು ಗಮನಿಸಿರಬಹುದು: ಅದು ಒಂದೇ ಕಡೆ ಬಿರಿಯುವುದು ಅಪೂರ್ವ. ಶ್ರೋಣಿಯೂ ಬಹುಮಟ್ಟಿಗೆ ಹಾಗೆಯೇ. ಆದುದರಿಂದ ಕ್ಷಕಿರಣ ಚಿತ್ರದಲ್ಲಿ ಒಂದು ಬಿರುಕನ್ನು ಕಂಡ ವೈದ್ಯರು ಇನ್ನೊಂದನ್ನು ಹುಡುಕುತ್ತಾರೆ.

ಈ ಬಳೆಯ ಒಳಮೈಗೆ ತಗುಲಿಕೊಂಡಂತೆ ತೆಳುಗೋಡೆಯ ಅಭಿಧಮನಿಗಳ ಜಾಲ ಹಬ್ಬಿದೆ. ನೆತ್ತರು ಹೆಚ್ಚಾಗಿ ಸೋರುವುದು ಈ ಜಾಲದಿಂದ, ಮತ್ತು ಮುರಿದ ಎಲುಬಿನ ಮೈಯಿಂದ. ಅಪಧಮನಿ ಹರಿಯುವುದು ಅಷ್ಟು ಸಾಮಾನ್ಯವಲ್ಲ, ಹರಿದರೆ ಮಾತ್ರ ಗಂಡಾಂತರ ಘೋರ. ವಯಸ್ಕನ ದೇಹದಲ್ಲಿರುವುದು ಸುಮಾರು 5 ಲೀಟರು ರಕ್ತ. ಬಳೆ ತೆರೆದುಕೊಂಡರೆ ಒಳಗಿನ ಅವಕಾಶ ಹಿಗ್ಗಿ, 2-3 ಲೀಟರು ಅಲ್ಲಿಯೇ ಅಡಗಬಲ್ಲದು. ತರುಣರಲ್ಲಿ ಇನ್ನೊಂದು ಮೋಸವುಂಟು: ನೂರಕ್ಕೆ 30ರಷ್ಟು ರಕ್ತ ಹೋಗುವವರೆಗೂ ಒತ್ತಡಮಾಪಕವು ಸುಳ್ಳು ಭರವಸೆಯನ್ನು ಕೊಡುತ್ತಿರಬಹುದು.

ಹಾಗಾದರೆ ಮೊದಲ ಕೆಲಸ, ತೆರೆದ ಬಳೆಯನ್ನು ಮುಚ್ಚುವುದು. ಅದಕ್ಕೆಂದೇ ಮಾಡಿದ ಪಟ್ಟಿಗಳಿವೆ. ಇಲ್ಲದಿದ್ದರೆ ಅಗಲವಾಗಿ ಮಡಿಸಿದ ದುಪ್ಪಟಿಯಾದೀತು. ಕಟ್ಟುವ ಸ್ಥಳದಲ್ಲಿಯೇ ಅನೇಕರು ತಪ್ಪುತ್ತಾರೆ. ಉಡಿದಾರದ ಜಾಗಕ್ಕಲ್ಲ; ತೊಡೆಯ ಮೇಲ್ತುದಿಯಲ್ಲಿ, ಹೊರಬದಿಗೆ ಕೈಗೆ ಸಿಗುವ ಎಲುಬಿನ ಉಬ್ಬುಗಳ ಮಟ್ಟಕ್ಕೆ ಬಿಗಿಯಬೇಕು. ಅಲ್ಲಾಡುತ್ತದೆಯೇ ಎಂದು ಸೊಂಟವನ್ನು ಅದುಮಿ ನೋಡುವ ಹಳೆಯ ಪರೀಕ್ಷೆಯನ್ನು ಈಗ ವೈದ್ಯರೇ ಬೇಡವೆನ್ನುತ್ತಾರೆ. ಆಗತಾನೆ ಕಟ್ಟಿದ ಹೆಪ್ಪು ಅದರಿಂದ ಕಿತ್ತುಹೋಗುತ್ತದೆ. ಗಾಯಾಳುವನ್ನು ಎಬ್ಬಿಸಿ ಆಟೋದಲ್ಲಿ ಕೂರಿಸುವುದಂತೂ ಇನ್ನೂ ಕೇಡು. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುವ ವ್ಯವಸ್ಥೆ ಕರ್ನಾಟಕದಲ್ಲಿ 2008ರಿಂದ ಇದೆ. ಅದು ಬರುವವರೆಗೆ ಅಂಗಾತವಾಗಿ, ಅಲುಗದಂತೆ ಮಲಗಿಸಿರಬೇಕು.

ಅರಕಲಗೂಡನ್ನು ಹಾದು ಹಾಸನ ಸೇರುವ ದಾರಿಯ ನಿಮಿಷಗಳೂ ಲೆಕ್ಕಕ್ಕೆ ಬರುತ್ತವೆ. ಟ್ರಾನೆಕ್ಸಾಮಿಕ್ ಆಮ್ಲವೆಂಬುದು ಹೆಪ್ಪು ಕರಗದಂತೆ ತಡೆಯುವ ಮದ್ದು. 20,000ಕ್ಕೂ ಹೆಚ್ಚು ಗಾಯಾಳುಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದು ಸಾವುಗಳನ್ನು ತಗ್ಗಿಸಿತು. ಆದರೆ ಪೆಟ್ಟಾದ 3 ಗಂಟೆಯೊಳಗೆ ಕೊಟ್ಟಾಗ ಮಾತ್ರ ಎಂಬುದು ಮರುವರ್ಷದ ವಿಶ್ಲೇಷಣೆಯಿಂದ ತಿಳಿಯಿತು.

ಆಸ್ಪತ್ರೆಯಲ್ಲಿ ರಕ್ತಪೂರಣ ನಡೆಯುತ್ತಿರುವಾಗಲೇ ಶ್ರವಣಾತೀತ ಧ್ವನಿಯ ಯಂತ್ರದಿಂದ ಹೊಟ್ಟೆಯಲ್ಲಿಯೂ ನೆತ್ತರಿದೆಯೇ ಎಂದು ನೋಡುತ್ತಾರೆ. ಮೂತ್ರದ್ವಾರದಲ್ಲಿ ರಕ್ತ ಕಂಡರೆ ಕೊಳವೆ ತೂರಿಸಲು ಅವಸರಪಡುವುದಿಲ್ಲ, ಮೂತ್ರನಾಳ ಹರಿದಿರಬಹುದು. ಸೋರಿಕೆ ನಿಲ್ಲದಿದ್ದರೆ ಶ್ರೋಣಿಯೊಳಗೆ ಬಟ್ಟೆಯ ಪಟ್ಟಿಗಳನ್ನು ಒತ್ತಿ ತುಂಬುತ್ತಾರೆ, ಇಲ್ಲವೇ ತೊಡೆಯ ಸಂದಿನ ಅಪಧಮನಿಯಿಂದ ಸಣ್ಣ ನಳಿಕೆಯನ್ನು ಸಾಗಿಸಿ ಹರಿದ ಕವಲನ್ನು ಒಳಗಿನಿಂದಲೇ ಮುಚ್ಚುತ್ತಾರೆ. ತಗಡು, ತಿರುಪುಗಳಿಂದ ಎಲುಬನ್ನು ಕೂಡಿಸುವ ದೊಡ್ಡ ಶಸ್ತ್ರಕ್ರಿಯೆಯನ್ನು ಸಾಮಾನ್ಯವಾಗಿ ಕೆಲವು ದಿನಗಳ ಅನಂತರ, ರೋಗಿಯು ಚೇತರಿಸಿಕೊಂಡ ಮೇಲೆ ಕೈಗೊಳ್ಳುತ್ತಾರೆ.