ಹೃದಯ ವೈಫಲ್ಯವುಳ್ಳವರಿಗೆ ದೈಹಿಕ ಶ್ರಮ ಕಷ್ಟವಾಗುವುದೇಕೆ?

ಹೃದಯ ವೈಫಲ್ಯವೆಂದರೆ ಹೃದಯ ನಿಂತುಹೋಗುವುದೆಂದು ಅನೇಕರು ಭಾವಿಸಿರುತ್ತಾರೆ. ಇದು ಸರಿಯಲ್ಲ. ದೇಹಕ್ಕೆ ಅಗತ್ಯವಿರುವಷ್ಟು ರಕ್ತವನ್ನು ಪೂರೈಸಲು ಹೃದಯವು ಅಸಮರ್ಥವಾಗುವ ಸ್ಥಿತಿಗೆ ಈ ಹೆಸರು. ಹಿಂದೆ ಆದ ಹೃದಯಾಘಾತ, ಬಹುಕಾಲದ ರಕ್ತದೊತ್ತಡ, ಕೆಟ್ಟ ಕವಾಟ ಮುಂತಾದವು ಇದರ ಸಾಮಾನ್ಯ ಕಾರಣಗಳಾಗಿರುತ್ತವೆ.

ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯವು ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಹೊರದೂಡುತ್ತದೆ. ಕಠಿಣ ಶ್ರಮದ ವೇಳೆ ಆರೋಗ್ಯವಂತರಲ್ಲಿ ಇದು 15ರಿಂದ 20 ಲೀಟರ್‌ವರೆಗೆ ಏರುತ್ತದೆ. ರೋಗಿಯ ಹೃದಯಕ್ಕೆ ಈ ಏರಿಕೆ ಸಾಧ್ಯವಾಗುವುದಿಲ್ಲ. ಕುಳಿತಿರುವಾಗ ಸಾಕಾಗುವ ರಕ್ತವು ಮುಂಡರಗಿಯ ಹೊಲದಲ್ಲಿ ಮೇವಿನ ಹೊರೆ ಎತ್ತುವಾಗ, ಬೆಟಗೇರಿಯಲ್ಲಿ ಮಗ್ಗ ನಡೆಸುವಾಗ, ಅಷ್ಟೇಕೆ, ಕಚೇರಿಯ ಮೆಟ್ಟಿಲು ಹತ್ತುವಾಗ ಸಾಲದು. ಹಲವರಲ್ಲಿ ನಾಡಿಬಡಿತವೂ ಬೇಕಾದಷ್ಟು ವೇಗ ಪಡೆಯುವುದಿಲ್ಲ. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿ ಏದುಸಿರು ಬರುತ್ತದೆ.

ಕಾರಣವು ಹೃದಯದಲ್ಲಿ ಮಾತ್ರ ಇರುವುದಿಲ್ಲ. ತಿಂಗಳುಗಟ್ಟಲೆ ರಕ್ತ ಕಡಿಮೆಯಾಗಿ, ಬಳಕೆಯೂ ತಪ್ಪಿದ ಕಾಲಿನ ಸ್ನಾಯುಗಳು ಕ್ಷೀಣಿಸಿ, ಆಮ್ಲಜನಕವನ್ನು ಬಳಸುವ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ಕಬ್ಬಿಣಾಂಶದ ಕೊರತೆಯಿದ್ದಲ್ಲಿ ದಣಿವು ಇನ್ನೂ ಹೆಚ್ಚು. ಕೆಲವರಲ್ಲಿ ಹೃದಯದ ಸಂಕೋಚನ ಸರಿಯಿದ್ದು, ಗೋಡೆ ಬಿಗಿಯಾಗಿ ರಕ್ತ ತುಂಬಿಕೊಳ್ಳಲು ತೊಡಕಾಗಿರುತ್ತದೆ. ವಿಶ್ರಾಂತಿಯಲ್ಲಿ ಮಾಡಿದ ಎಕೋ ಪರೀಕ್ಷೆಯಲ್ಲಿ ಇಂತಹವರ ಪಂಪಿಂಗ್ ಪ್ರಮಾಣ ಶೇ. 50ಕ್ಕಿಂತ ಹೆಚ್ಚೇ ಇರಬಹುದು. ವರದಿ ಚೆನ್ನಾಗಿದೆ, ಇದು ಮೈಗಳ್ಳತನವೆಂದು ಮನೆಯವರು ತೀರ್ಮಾನಿಸುವುದು ಅನ್ಯಾಯವಾಗುತ್ತದೆ.

ಹಾಗೆಂದು ಹಾಸಿಗೆ ಹಿಡಿಯುವುದೂ ಸಲ್ಲದು. ಹಿಂದೆ ಪೂರ್ಣ ವಿಶ್ರಾಂತಿಯನ್ನೇ ಸೂಚಿಸಲಾಗುತ್ತಿತ್ತು. 2009ರಲ್ಲಿ ಪ್ರಕಟವಾದ, 2,300ಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡ ಅಧ್ಯಯನವು ಕ್ರಮಬದ್ಧ ವ್ಯಾಯಾಮ ಸುರಕ್ಷಿತವೆಂದು ತೋರಿಸಿತು. ರೋಗ ಸ್ಥಿರವಾಗಿರುವವರು ವೈದ್ಯರ ಒಪ್ಪಿಗೆ ಪಡೆದು, ಮಾತನಾಡಲು ಸಾಧ್ಯವಾಗುವಷ್ಟು ವೇಗದಲ್ಲಿ ಸಮತಟ್ಟಾದ ಜಾಗದಲ್ಲಿ ನಡೆಯುತ್ತ, ಅವಧಿಯನ್ನು ನಿಧಾನವಾಗಿ ಹೆಚ್ಚಿಸಬಹುದು. ಈ ಭಾಗದ ಬೇಸಿಗೆಯಲ್ಲಿ ಮಧ್ಯಾಹ್ನದ ನಡಿಗೆ ಬೇಡ. ಎರಡು-ಮೂರು ದಿನಗಳಲ್ಲಿ 2 ಕಿಲೋ ತೂಕ ಏರಿದಲ್ಲಿ, ಕಾಲು ಬಾತಲ್ಲಿ ಅಥವಾ ಮಲಗಿದಾಗ ಉಸಿರುಕಟ್ಟಿದಲ್ಲಿ ವ್ಯಾಯಾಮ ನಿಲ್ಲಿಸಿ ತಡವಿಲ್ಲದೆ ವೈದ್ಯರನ್ನು ಕಾಣತಕ್ಕದ್ದು. ಎದೆನೋವು ಅಥವಾ ಮೂರ್ಛೆ ಉಂಟಾದಲ್ಲಿ 108ಕ್ಕೆ ಕರೆ ಮಾಡುವುದು.

ತಪಾಸಣೆಗಾಗಿ ಸಮೀಪದ ಸರ್ಕಾರಿ ಆಸ್ಪತ್ರೆಯನ್ನು ಅಥವಾ ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯನ್ನು ಸಂಪರ್ಕಿಸಬಹುದು. 2018ರಲ್ಲಿ ಜಾರಿಗೊಂಡ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯ ಸೌಲಭ್ಯ ಕೋರುವವರು ಆಧಾರ್ ಹಾಗೂ ಪಡಿತರ ಚೀಟಿಯೊಂದಿಗೆ ಹಳೆಯ ಎಕೋ ವರದಿ ಮತ್ತು ಸೇವಿಸುತ್ತಿರುವ ಔಷಧಗಳ ಚೀಟಿಯನ್ನೂ ತರುವುದು. ನಡೆಯಲಾಗದ ರೋಗಿಯ ಪರವಾಗಿ ಮನೆಯವರು ಸರತಿಯಲ್ಲಿ ನಿಂತರೆ ಒಳ್ಳೆಯದು.