ಆಟದ ಸಂಗೀತ, ಸಿನಿಮಾ ಸಂಗೀತ ಮತ್ತು ನಮ್ಮ ಪಾರಿಜಾತ

ಮಕ್ಕಳ ವಿಡಿಯೋ ಗೇಮ್ ಅಂದರೆ ಬರೀ ಗದ್ದಲ ಎಂದು ಹಿರಿಯರು ಬೈಯುವುದುಂಟು. ಒಮ್ಮೆ ಕಣ್ಣು ಮುಚ್ಚಿ ಕೇಳಿ, ಥಿಯೇಟರಿನಲ್ಲಿ ಕೂತಂತೆಯೇ ಅನಿಸುತ್ತದೆ.

‘ಕೆ.ಜಿ.ಎಫ್’ (2018) ಚಿತ್ರದಲ್ಲಿ ರವಿ ಬಸ್ರೂರು ಭಾರಿ ತಾಳ, ಗುಂಪುದನಿಗಳಿಂದ ನಾಯಕನನ್ನು ದೊಡ್ಡವನಾಗಿಸಿದರು. ‘ಸ್ಕೈರಿಮ್’ (2011) ಆಟಕ್ಕೆ ಜೆರೆಮಿ ಸೋಲ್ ಮಾಡಿದ್ದೂ ಅದನ್ನೇ. ಅಲ್ಲಿ ಗುಂಪು ಹಾಡುವುದು ಕಲ್ಪಿತ ಡ್ರ್ಯಾಗನ್ ಭಾಷೆಯಲ್ಲಿ. ‘ಲಾರ್ಡ್ ಆಫ್ ದ ರಿಂಗ್ಸ್’ (2001) ಚಿತ್ರದಲ್ಲಿ ಹೊವರ್ಡ್ ಶೋರ್, ಟೋಲ್ಕಿನ್ ಕಟ್ಟಿದ ಭಾಷೆಗಳನ್ನು ಹಾಡಿಸಿದ್ದರು. ಪದ ತಿಳಿಯದಿದ್ದರೂ ಭಯ, ಬೆರಗು ತಿಳಿಯುತ್ತವೆ.

ವ್ಯತ್ಯಾಸ ಒಂದೇ. ಸಿನಿಮಾ ದೃಶ್ಯದ ಅಳತೆ ಮೊದಲೇ ಗೊತ್ತಿರುತ್ತದೆ. ಆಟದಲ್ಲಿ ಆಡುವವರು ಎಷ್ಟು ಹೊತ್ತು ಎಲ್ಲಿ ನಿಲ್ಲುತ್ತಾರೋ ಹೇಳಲಾಗದು. ಅದಕ್ಕೇ ಧಾಟಿ ಸುತ್ತಿ ಸುತ್ತಿ ಬರುತ್ತದೆ, ಶತ್ರು ಎದುರಾದೊಡನೆ ಬದಲಾಗುತ್ತದೆ. ಶ್ರೀಕೃಷ್ಣ ಪಾರಿಜಾತದ ಹಿಮ್ಮೇಳವೂ ಹೀಗೆಯೇ: ಪಾತ್ರಧಾರಿಯ ಹೆಜ್ಜೆ ನೋಡಿ ಪೇಟಿ, ತಬಲಾ ಹಿಗ್ಗುತ್ತವೆ, ಕುಗ್ಗುತ್ತವೆ.

ಪುಣೆಯಲ್ಲಿ ತಯಾರಾದ ‘ರಾಜಿ’ (2020) ಆಟದ ಕಥೆಗೆ ನಮ್ಮ ಪುರಾಣಗಳೇ ಆಧಾರ. ಸಂಗೀತ ಮಾತ್ರ ಗ್ರೀಸಿನ ಲಿನೋಸ್ ಟ್ಸೆಲೋಸ್ ಅವರದು. ನಾಳೆ ಇಂಥ ಆಟಕ್ಕೆ ಹುಪರಿ, ಇಚಲಕರಂಜಿ, ಗಡಹಿಂಗ್ಲಜದ ಹುಡುಗರೂ ಸಂಗೀತ ಕಟ್ಟಬಹುದು. ಆದರೆ ಪಾರಿಜಾತದ ಧಾಟಿ ಕಿವಿಗೆ ಬೀಳದೆ ಕೈಗೆ ಬರುವುದಿಲ್ಲ. ಮರಾಠಿ ಶಾಲೆಗೆ ಹೋಗುವ ಮಕ್ಕಳನ್ನೂ ಮುಂದಿನ ಆಟಕ್ಕೆ ತಪ್ಪದೆ ಕರೆತನ್ನಿ.